ಕರಾಟೆ ಕಲಿತವನು ಜೂಡೊ ಕ್ಲಾಸಿಗೆ ಹೋದರೆ ಗುರುದ್ರೋಹವೇ?

ಪ್ರಶ್ನೆ: ಹೈಸ್ಕೂಲಿನಿಂದಲೂ ಶೋಟೊಕಾನ್ ಕರಾಟೆ ಮಾಡುತ್ತಿದ್ದೇನೆ, ಬ್ಲ್ಯಾಕ್ ಬೆಲ್ಟ್ ಆಗಿದೆ. ಈಚೆಗೆ ನಮ್ಮ ಬಡಾವಣೆಯಲ್ಲಿ ಜೂಡೊ ಕ್ಲಾಸ್ ಶುರುವಾಗಿದ್ದು, ಸೇರುವ ಆಸೆ ಇದೆ. ಮಾಸ್ಟರ್‌ಗೆ ಹೇಳಿದರೆ ‘ಎರಡು ದೋಣಿಯಲ್ಲಿ ಕಾಲಿಟ್ಟವನು ದಡ ಸೇರುವುದಿಲ್ಲ’ ಎಂದು ಮುಖ ಗಂಟಿಕ್ಕಿದರು. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಯಾವ ಸ್ಟೈಲ್ ಮೇಲು ಎಂಬ ಜಗಳ ಮುಗಿಯುವುದೇ ಇಲ್ಲ. ನಾನು ಮಾಡಲು ಹೊರಟಿರುವುದು ತಪ್ಪೇ? ಹೋದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ತಪ್ಪಲ್ಲ, ಹೋಗಿ. ಹಾಗಂತ ನಿಮ್ಮ ಮಾಸ್ಟರ್ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅದರಲ್ಲಿ ಅರ್ಧ ನಿಜವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಉಳಿದರ್ಧವನ್ನು ಮೊದಲು ನೋಡೋಣ. ಕರಾಟೆ ಟೋಕಿಯೊದಲ್ಲಿ ಕಾಲೂರುವುದಕ್ಕೆ ಮೊದಮೊದಲು ಕೈಹಿಡಿದವರಲ್ಲಿ ಒಬ್ಬರು ಜೂಡೊ ಗುರು ಎಂಬುದು ನಿಮ್ಮ ಮಾಸ್ಟರ್‌ಗೂ ಗೊತ್ತಿರಬೇಕು.

1922ರಲ್ಲಿ ಜಪಾನಿನ ಶಿಕ್ಷಣ ಇಲಾಖೆಯ ಆಶ್ರಯದಲ್ಲಿ ಟೋಕಿಯೊದಲ್ಲಿ ಒಂದು ದೈಹಿಕ ಶಿಕ್ಷಣ ಪ್ರದರ್ಶನ ನಡೆಯಿತು. ಅಲ್ಲಿ ಕರಾಟೆ ತೋರಿಸಲು ಒಕಿನಾವಾ ದ್ವೀಪದಿಂದ ಬಂದವರು ನಿಮ್ಮ ಶೋಟೊಕಾನ್ ಶೈಲಿಯ ಮೂಲಪುರುಷ ಫುನಾಕೋಶಿ ಗಿಚಿನ್. ಕಸುಬಿನಲ್ಲಿ ಶಾಲಾ ಮೇಷ್ಟ್ರು, ಆಗಲೇ ವಯಸ್ಸು ಐವತ್ತು ದಾಟಿತ್ತು. ಜೂಡೊ ಕಟ್ಟಿದ ಕಾನೊ ಜಿಗೊರೊ, ಫುನಾಕೋಶಿಯನ್ನು ತಮ್ಮ ಜೂಡೊ ಶಾಲೆ ಕೋಡೊಕಾನ್‌ಗೇ ಕರೆಸಿಕೊಂಡು ‘ನಿಮ್ಮ ವಿದ್ಯೆ ನಮ್ಮವರಿಗೂ ತೋರಿಸಿ’ ಎಂದು ಕೇಳಿಕೊಂಡರು. ಟೋಕಿಯೊದಲ್ಲಿ ಓದುತ್ತಿದ್ದ ಒಕಿನಾವಾದ ಹುಡುಗ ಗಿಮಾ ಶಿಂಕಿನ್‌ನನ್ನು ಜೊತೆಗಿಟ್ಟುಕೊಂಡು ಫುನಾಕೋಶಿ ಅಲ್ಲಿ ಕಟಾ, ಅಂದರೆ ಕ್ರಮಬದ್ಧ ವರಸೆಗಳನ್ನು ಮಾಡಿ ತೋರಿಸಿದರು. ಕಾನೊ ಆ ಹೊತ್ತಿಗೆ ದೇಶದಲ್ಲೆಲ್ಲ ಹೆಸರಾದವರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಏಷ್ಯಾದಿಂದ ಹೋದ ಮೊದಲ ಸದಸ್ಯರೂ ಅವರೇ. ದಕ್ಷಿಣದ ಸಣ್ಣ ದ್ವೀಪದ, ಹೆಸರೂ ಕೇಳಿರದ ಒಂದು ವಿದ್ಯೆಯನ್ನು ಅವರು ಮೂಲೆಗೊತ್ತಿದ್ದರೆ ಕೇಳುವವರಿರಲಿಲ್ಲ. ಫುನಾಕೋಶಿ ಆಮೇಲೆ ಟೋಕಿಯೊದಲ್ಲೇ ಉಳಿದು ಕಲಿಸತೊಡಗಿದರು. ಬಿಳಿ ಡ್ರೆಸ್, ಕ್ಯೂ-ಡಾನ್ ದರ್ಜೆಗಳು, ಕಪ್ಪು ಬೆಲ್ಟ್ ಎಲ್ಲವೂ ಕರಾಟೆಗೆ ಬಂದದ್ದು ಜೂಡೊದಿಂದ. ಕಾನೊ 1883ರಲ್ಲೇ ಶುರುಮಾಡಿದ್ದ ಡಾನ್ ಪದ್ಧತಿಯನ್ನು ಫುನಾಕೋಶಿ 1924ರಲ್ಲಿ ತಮ್ಮ ಶಿಷ್ಯರಿಗೆ ಅನ್ವಯಿಸಿದರು. ನಿಮ್ಮ ಸೊಂಟದಲ್ಲಿರುವ ಬೆಲ್ಟ್ ಯಾವ ಮನೆಯಿಂದ ಬಂತೋ ಆ ಮನೆಗೆ ಹೋಗಬೇಡ ಎನ್ನುವುದು ಸ್ವಲ್ಪ ತಮಾಷೆಯಾಗಿಯೇ ಇದೆ.

ಒಕಿನಾವಾದಲ್ಲಿ ಶೈಲಿಗಳ ನಡುವಿನ ಗೋಡೆಗಳು ಇನ್ನೂ ತೆಳುವಾಗಿದ್ದವು. ಶುರಿ ಮತ್ತು ನಾಹಾ ಕೆಲವೇ ಕಿಲೋಮೀಟರ್ ಅಂತರದ ಊರುಗಳು, ಈಗ ಶುರಿ ನಾಹಾ ನಗರದ ಒಳಗೇ ಸೇರಿಹೋಗಿದೆ. ಶುರಿಯ ಇತೊಸು ಆಂಕೊ ಅವರ ಶಿಷ್ಯ ಮಾಬುನಿ ಕೆನ್ವಾಗೆ ನಾಹಾದ ಮಿಯಾಗಿ ಚೋಜುನ್ ಎಂಬ ಗೆಳೆಯನಿದ್ದ. ಆ ಗೆಳೆಯನೇ ಮಾಬುನಿಯನ್ನು ತನ್ನ ಗುರು ಹಿಗಾಓನ್ನಾ ಕಾನ್ರ್ಯೊ ಬಳಿಗೆ ಕರೆದೊಯ್ದ. ಮಾಬುನಿ ಇಬ್ಬರ ಬಳಿಯೂ ಕಲಿತರು. ಮುಂದೆ ತಮ್ಮ ಶೈಲಿಗೆ ಇಟ್ಟ ಶಿತೊ-ರ್ಯು ಎಂಬ ಹೆಸರಿನಲ್ಲಿ ಇಬ್ಬರು ಗುರುಗಳನ್ನೂ ಸೇರಿಸಿಕೊಂಡರು. 1920ರ ದಶಕದಲ್ಲಿ ನಾಹಾದಲ್ಲಿ ಮಿಯಾಗಿ, ಮಾಬುನಿ, ಹಿರಿಯರಾದ ಮೋತೊಬು ಚೋಯು ಮುಂತಾದವರು ಒಂದು ಅಧ್ಯಯನ ಕೂಟವನ್ನೇ ನಡೆಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದವರಲ್ಲಿ ಗೋ ಕೆಂಕಿ ಎಂಬ ಚಹಾ ವ್ಯಾಪಾರಿಯೂ ಒಬ್ಬ. ಚೀನಾದ ಫುಝೌನಿಂದ ಬಂದು ನೆಲೆಸಿದ್ದ ಆತ ಬಿಳಿ ಕೊಕ್ಕರೆ ಶೈಲಿ ಬಲ್ಲವನು. ಅವನನ್ನು ಯಾರೂ ಹೊರಗಿನವನೆಂದು ಬಾಗಿಲಲ್ಲಿ ನಿಲ್ಲಿಸಲಿಲ್ಲ.

ಹಾಗಾದರೆ ಇಷ್ಟೊಂದು ‘ರ್ಯು’ಗಳು, ಅಂದರೆ ಶೈಲಿಗಳು, ಹೇಗೆ ಹುಟ್ಟಿದವು? ಒಂದು ಪ್ರಸಂಗ ಕರಾಟೆಯವರಲ್ಲಿ ಪ್ರಸಿದ್ಧ. 1930ರಲ್ಲಿ ಮಿಯಾಗಿಯವರ ಶಿಷ್ಯ ಶಿಂಜಾತೊ ಜಿನ್‌ಆನ್ ಟೋಕಿಯೊದಲ್ಲಿ ಪ್ರದರ್ಶನ ಕೊಟ್ಟಾಗ ಯಾರೋ ‘ನಿಮ್ಮದು ಯಾವ ಶೈಲಿ?’ ಎಂದು ಕೇಳಿದರಂತೆ. ಪಾಪ, ಉತ್ತರ ಇರಲಿಲ್ಲ. ಅಲ್ಲಿಯವರೆಗೆ ಅದಕ್ಕೊಂದು ಹೆಸರು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಊರಿಗೆ ಬಂದು ಗುರುವಿಗೆ ಹೇಳಿದ ಮೇಲೆ ಮಿಯಾಗಿ ಗೋಜು-ರ್ಯು ಎಂದು ಹೆಸರಿಟ್ಟರು. ಆಮೇಲೆ ಸಮರಕಲೆಗಳ ರಾಷ್ಟ್ರೀಯ ಸಂಸ್ಥೆ ಬುತೊಕುಕಾಯ್‌ನಲ್ಲಿ ನೋಂದಣಿ, ಯುದ್ಧ ಮುಗಿದ ಮೇಲೆ ದೇಶದೇಶಗಳಿಗೆ ಹರಡಿದ ಸಂಘಗಳು, ಅವುಗಳ ಸರ್ಟಿಫಿಕೇಟು, ಗ್ರೇಡಿಂಗ್ ಶುಲ್ಕ. ಇಂದು ನಮ್ಮೂರ ಕ್ಲಾಸುಗಳ ನಡುವೆ ಕಾಣುವ ಬೇಲಿಗಳಲ್ಲಿ ಬಹುಪಾಲು ಈ ನೂರು ವರ್ಷಗಳೊಳಗಿನವು. ಎಷ್ಟೋ ಬೇಲಿಗಳನ್ನು ನೆಟ್ಟದ್ದು ವಿದ್ಯೆಯ ಕಾರಣಕ್ಕಲ್ಲ, ಲೆಕ್ಕಪತ್ರದ ಕಾರಣಕ್ಕೆ.

ಹಿರಿಯರೆಲ್ಲ ಹಾಲುಜೇನಿನಂತೆ ಇದ್ದರು ಎಂದೇನೂ ನಾನು ಹೇಳುತ್ತಿಲ್ಲ. ಬೀದಿ ಕಾಳಗಕ್ಕೆ ಹೆಸರಾಗಿದ್ದ ಮೋತೊಬು ಚೋಕಿಗೆ ಫುನಾಕೋಶಿಯನ್ನು ಕಂಡರೆ ಆಗುತ್ತಿರಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಜಪಾನಿನ ಹಳೆಯ ಹಿಡಿದಾಟದ ವಿದ್ಯೆ ಜುಜುತ್ಸು ಕಲಿತು ಬಂದು ಫುನಾಕೋಶಿಗೆ ಶಿಷ್ಯರಾದ ಓತ್ಸುಕಾ ಹಿರೊನೊರಿ ಸ್ಪಾರಿಂಗ್ (ಇಬ್ಬರ ಸೆಣಸಾಟದ ಅಭ್ಯಾಸ) ಬೇಕೆಂದು ಪಟ್ಟು ಹಿಡಿದರು, ಗುರುವಿಗೆ ಅದು ಒಗ್ಗಲಿಲ್ಲ, ಕೊನೆಗೆ ಬೇರೆಯಾಗಿ ವಾಡೊ-ರ್ಯು ಕಟ್ಟಿದರು. ಇಂಥ ಜಗಳಗಳ ಒಳಗೂ ಒಂದು ಗಮನಿಸಬೇಕಾದ ಸಂಗತಿ ಇದೆ: ಎದುರಿನವನ ವಿದ್ಯೆ ಏನೆಂದು ತಿಳಿದೇ ಜಗಳವಾಡುತ್ತಿದ್ದರು. ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಷ್ಟು ಜನ ಜೂಡೊ ಮ್ಯಾಟಿನ ಮೇಲೆ ಒಂದು ಸಲವಾದರೂ ಬಿದ್ದಿದ್ದಾರೆ?

ಕಾನೊ ಅವರ ವಿಷಯ ಇನ್ನಷ್ಟು ಹೇಳಬೇಕು, ಏಕೆಂದರೆ ಸೋತಾಗ ಏನು ಮಾಡಬೇಕೆಂಬುದನ್ನು ಅವರಿಂದ ಕಲಿಯಬಹುದು. ಕೋಡೊಕಾನ್‌ನ ಹುಡುಗರು ಎತ್ತಿ ಒಗೆಯುವುದರಲ್ಲಿ ಗಟ್ಟಿಗರು, ನೆಲದ ಪಟ್ಟುಗಳಲ್ಲಿ ಅಷ್ಟಕ್ಕಷ್ಟೆ. ಫುಸೆನ್-ರ್ಯು ಜುಜುತ್ಸುವಿನ ತಾನಾಬೆ ಮಾತಾಎಮೊನ್ ಆ ಹುಡುಗರನ್ನು ನೆಲಕ್ಕೆಳೆದು ಕುತ್ತಿಗೆ ಬಿಗಿದು ಸೋಲಿಸುತ್ತಿದ್ದರು. ‘ಅದು ನಿಜವಾದ ಕಾಳಗವೇ ಅಲ್ಲ’ ಎಂದು ಕಾನೊ ಮೂಗು ಮುರಿಯಬಹುದಿತ್ತು. ಬದಲಿಗೆ ಕೋಡೊಕಾನ್‌ನಲ್ಲಿ ನೆಲದ ಅಭ್ಯಾಸ ಹೆಚ್ಚಿತು. 1906ರಲ್ಲಿ ಕ್ಯೋಟೊದ ಬುತೊಕುಕಾಯ್‌ನಲ್ಲಿ ಜುಜುತ್ಸು ಕಟಾಗಳನ್ನು ಒಪ್ಪ ಮಾಡಲು ಕಾನೊ ಅಧ್ಯಕ್ಷತೆಯಲ್ಲಿ ಸಮಿತಿ ಕೂತಾಗ ಬೇರೆ ಬೇರೆ ರ್ಯುಗಳ ಗುರುಗಳು ಅದರಲ್ಲಿದ್ದರು, ತಾನಾಬೆಯೂ ಇದ್ದರು. 1930ರಲ್ಲಿ ಉಯೇಶಿಬಾ ಮೊರಿಹೇಯವರ ವಿದ್ಯೆಯನ್ನು, ಅಂದರೆ ಮುಂದೆ ಐಕಿಡೊ ಆದದ್ದನ್ನು ನೋಡಿ ಮೆಚ್ಚಿದ ಕಾನೊ, ತಮ್ಮ ಬಳಿಯ ಒಳ್ಳೆಯ ಹುಡುಗರಲ್ಲಿ ಒಬ್ಬನಾದ ಮೊಚಿಜುಕಿ ಮಿನೊರುವನ್ನು ಅಲ್ಲಿಗೆ ಕಲಿಯಲು ಕಳಿಸಿದರು. ಆಗ ಅವರಿಗೆ ಎಪ್ಪತ್ತು ವರ್ಷ. ತಾವೇ ಕಟ್ಟಿದ ವಿದ್ಯೆ ಜಗತ್ತಿಗೆಲ್ಲ ಹಬ್ಬಿದ ಮೇಲೂ ತಮ್ಮ ಶಿಷ್ಯನನ್ನು ಇನ್ನೊಬ್ಬರ ಬಾಗಿಲಿಗೆ ಕಳಿಸಿಕೊಟ್ಟವರು ಅವರು.

ಈಗ ಮಾಸ್ಟರ್ ಮಾತಿನ ನಿಜವಾದ ಅರ್ಧ. ಮೂರು ತಿಂಗಳು ಕರಾಟೆ, ಮೂರು ತಿಂಗಳು ಟೇಕ್ವಾಂಡೊ, ಆಮೇಲೆ ಯಾವುದೋ ರೀಲ್ ನೋಡಿ ಮುಯ್ ಥಾಯ್, ಹೀಗೆ ಅಲೆಯುವ ಹುಡುಗರನ್ನು ಎಲ್ಲ ಗುರುಗಳೂ ಕಂಡಿರುತ್ತಾರೆ. ಅವರ ಕೈಗೆ ಏನೂ ಹತ್ತುವುದಿಲ್ಲ. ಒಂದು ವಿದ್ಯೆಯಲ್ಲಿ ಮೈ ಪಳಗುವ ಮೊದಲೇ ಇನ್ನೊಂದಕ್ಕೆ ಹಾರಿದರೆ ಎರಡರ ತಪ್ಪುಗಳೂ ಮೈಗಂಟುತ್ತವೆ. ನಿಮ್ಮ ಕಥೆ ಬೇರೆ. ಬ್ಲ್ಯಾಕ್ ಬೆಲ್ಟ್ ಆದವರು ನೀವು, ನಿಂತ ನೆಲ ಗಟ್ಟಿಯಾಗಿದೆ. ಇನ್ನೊಂದು ವಿಷಯ, ಕದ್ದು ಹೋಗಬೇಡಿ. ಇಂದು ಯಾರು ಯಾವ ಕ್ಲಾಸಿನಲ್ಲಿದ್ದಾರೆ ಎಂಬುದು ಸಂಜೆಯೊಳಗೆ ಇನ್‌ಸ್ಟಾಗ್ರಾಂನಲ್ಲಿ ಬಂದಿರುತ್ತದೆ. ಮಾಸ್ಟರ್‌ಗೆ ಬೇಸರವಾಗುವುದು ನೀವು ಜೂಡೊ ಕಲಿತಿರೆಂದಲ್ಲ, ಬೇರೆಯವರ ಬಾಯಿಂದ ಅದನ್ನು ಕೇಳಬೇಕಾಯಿತಲ್ಲ ಎಂದು. ‘ಮಾಸ್ಟರ್, ವಾರದಲ್ಲಿ ಎರಡು ದಿನ ಅಲ್ಲಿಗೆ ಹೋಗುತ್ತೇನೆ, ನಿಮ್ಮ ಕ್ಲಾಸ್ ತಪ್ಪಿಸುವುದಿಲ್ಲ’ ಎಂದು ಎದುರಿಗೇ ಹೇಳಿ. ಹೇಳಿದಂತೆ ನಡೆದುಕೊಳ್ಳಿ. ಅಷ್ಟಾದ ಮೇಲೂ ಅವರು ಬೆಲ್ಟ್ ಕಿತ್ತುಕೊಳ್ಳುವ, ಸಂಘದಿಂದ ಹೆಸರು ತೆಗೆಸುವ ಮಾತಾಡಿದರೆ ಅದು ವಿದ್ಯೆಯ ಚಿಂತೆಯಲ್ಲ ಎಂದು ತಿಳಿಯಿರಿ.

ಗುಂಪಿನ ಜಗಳದ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ರುಚಿಸಲಿಕ್ಕಿಲ್ಲ. ಇಂಥ ಜಗಳದಲ್ಲಿ ಕೊನೆಗೊಬ್ಬ ಹಿರಿಯರು ಬಂದು ‘ಎಲ್ಲ ವಿದ್ಯೆಯೂ ಒಂದೇ, ದಾರಿ ಬೇರೆ ಗುರಿ ಒಂದು’ ಎಂದು ತೇಪೆ ಹಚ್ಚುತ್ತಾರೆ. ಕೇಳಲು ಚೆನ್ನ, ಆದರೆ ಅದು ಸುಳ್ಳು. ಎಲ್ಲವೂ ಒಂದೇ ಆಗಿದ್ದರೆ ನೀವು ಜೂಡೊ ಕ್ಲಾಸಿಗೆ ಹೋಗುವ ಅಗತ್ಯವೇ ಇರಲಿಲ್ಲ. ಮನಸ್ಸು ತೆರೆದಿಡುವುದು ಅಂದರೆ ವ್ಯತ್ಯಾಸವನ್ನು ಅಳಿಸುವುದಲ್ಲ, ಅದು ಎಲ್ಲಿದೆ, ಯಾಕಿದೆ ಎಂದು ಹತ್ತಿರ ಹೋಗಿ ನೋಡುವುದು.

ಬೆನ್ನಿನ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಅದಕ್ಕೇ ಪೈಲ್ವಾನನ ಮೈ ಏನೇ ಆದರೂ ಹೊಟ್ಟೆ ಅಡಿಯಾಗುವಂತೆ ಹೊರಳುತ್ತದೆ. ಜೂಡೊದಲ್ಲಿ ರಭಸದಿಂದ, ಹಿಡಿತದಲ್ಲಿಟ್ಟುಕೊಂಡು ಬೆನ್ನ ಮೇಲೆ ಬೀಳಿಸಿದರೆ ಇಪ್ಪೊನ್, ಅಂದರೆ ಪೂರ್ತಿ ಗೆಲುವು. ಬ್ರೆಜಿಲಿಯನ್ ಜಿಯು-ಜಿತ್ಸುವಿನವನು ಮಾತ್ರ ತಾನಾಗಿಯೇ ಬೆನ್ನ ಮೇಲೆ ಮಲಗಿ ಎದುರಾಳಿಯನ್ನು ಕಾಲುಗಳ ನಡುವೆ ಬರಮಾಡಿಕೊಳ್ಳುತ್ತಾನೆ. ಅವನ ಎದುರು ಪೈಲ್ವಾನ ಅಭ್ಯಾಸಬಲದಿಂದ ಹೊಟ್ಟೆಯಡಿಯಾಗಿ ಹೊರಳಿದರೆ ಕುತ್ತಿಗೆಗೆ ಹಿಂದಿನಿಂದ ಕೈ ಬಿತ್ತೆಂದೇ ಲೆಕ್ಕ. ಕುಸ್ತಿಯ ಮಣ್ಣಿನಲ್ಲಿ ಅದೇ ಜಿಯು-ಜಿತ್ಸುವಿನವನು ಮಲಗಿದ ಕ್ಷಣವೇ ಸೋತ. ಇಲ್ಲಿ ಯಾರು ಮೇಲು? ನಿಯಮ ಯಾವುದು ಎಂದು ಕೇಳದೆ ಈ ಪ್ರಶ್ನೆಗೆ ಅರ್ಥವೇ ಇಲ್ಲ. ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗ ಜಟ್ಟಿಯೊಬ್ಬನ ನೆತ್ತಿಯಿಂದ ರಕ್ತ ಚಿಮ್ಮಿದಲ್ಲಿಗೆ ಮುಗಿಯುತ್ತದೆ. ಆ ನಿಯಮಕ್ಕೆ ತಕ್ಕ ಮೈಕಟ್ಟು, ತಕ್ಕ ಹೆಜ್ಜೆ, ತಕ್ಕ ತಾಲೀಮು ಅಲ್ಲಿ ಬೆಳೆದಿದೆ.

ನಿಯಮಗಳೇ ಹೊಂದದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ 1976ರ ಜೂನ್ 26ರಂದು ಟೋಕಿಯೊದ ಬುದೊಕಾನ್‌ನಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಮತ್ತು ಜಪಾನಿನ ಕುಸ್ತಿಪಟು ಆಂಟೊನಿಯೊ ಇನೊಕಿ ನಡುವೆ ನಡೆದ ಪಂದ್ಯವಿದೆ. ಹದಿನೈದು ಸುತ್ತಿನ ಬಹುಭಾಗ ಇನೊಕಿ ನೆಲದಲ್ಲಿ ಮಲಗಿ ಅಲಿಯ ಕಾಲಿಗೆ ಒದ್ದರು. ಅಲಿಗೆ ಹೊಡೆಯಲು ಎದುರಿಗೆ ಮುಖವೇ ಇರಲಿಲ್ಲ. ಡ್ರಾ ಆಯಿತು, ಜನ ಬೈದರು, ಅಲಿಯ ಕಾಲು ಊದಿ ಆಸ್ಪತ್ರೆ ಸೇರಬೇಕಾಯಿತು. ಬಾಕ್ಸಿಂಗ್ ದೊಡ್ಡದೋ ಕುಸ್ತಿ ದೊಡ್ಡದೋ ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ. ಆ ಇಬ್ಬರು ಆಮೇಲೆ ಸ್ನೇಹಿತರಾದರು ಎನ್ನುವುದು ಬೇರೆ ಮಾತು. 1995ರಲ್ಲಿ ಇನೊಕಿ ಉತ್ತರ ಕೊರಿಯಾದ ಪ್ಯೊಂಗ್ಯಾಂಗ್‌ನಲ್ಲಿ ಕುಸ್ತಿ ಪ್ರದರ್ಶನ ಏರ್ಪಡಿಸಿದಾಗ ಅಲಿ ಅತಿಥಿಯಾಗಿ ಹೋಗಿದ್ದರು.

ಹಾಗೆಂದು ಯಾರು ಏನು ಹೇಳಿದರೂ ತಲೆಯಾಡಿಸಬೇಕಿಲ್ಲ. ಮುಟ್ಟದೆಯೇ ಬೀಳಿಸುತ್ತೇನೆ, ಉಸಿರಿನ ಶಕ್ತಿಯಿಂದ ತಡೆಯುತ್ತೇನೆ ಎನ್ನುವವರನ್ನು ಪ್ರೀತಿಯಿಂದಲೇ ‘ನನ್ನ ಮೇಲೆ ತೋರಿಸಿ ಸಾರ್’ ಎಂದು ಕೇಳಿ. 2017ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಎಂಎಂಎ (ಮಿಶ್ರ ಸಮರಕಲೆ) ಮಾಡುವ ಶು ಶಿಯಾವ್‌ಡಾಂಗ್, ತಾಯ್‌ಚಿ ಗುರು ವೇ ಲೇ ಅವರನ್ನು ಅರ್ಧ ನಿಮಿಷದೊಳಗೆ ಕೆಡವಿದ ವಿಡಿಯೊ ನಿಮ್ಮ ಗುಂಪಿನಲ್ಲೂ ಓಡಾಡಿರಬೇಕು. ದೊಡ್ಡ ಮಾತಾಡಿದವರು ಪರೀಕ್ಷೆಗೆ ಒಳಗಾಗುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ವಿಡಿಯೊ ಹೇಳಿದ್ದು ಆ ಇಬ್ಬರ ಬಗ್ಗೆ ಮಾತ್ರ. ಅದನ್ನು ಹಂಚಿಕೊಂಡು ನಕ್ಕವರಲ್ಲಿ ತಾಯ್‌ಚಿಯವರ ಜೊತೆ ಕೈಗೆ ಕೈ ತಾಗಿಸಿ ತಳ್ಳಾಟದ ಅಭ್ಯಾಸ ಮಾಡಿದವರು ಎಷ್ಟಿದ್ದಾರೋ ಕಾಣೆ. ಹತ್ತಿರ ನಿಂತು ಎದುರಿನವನ ತೂಕ ಎತ್ತ ವಾಲುತ್ತಿದೆ ಎಂದು ಅಂಗೈಯಲ್ಲೇ ಅರಿಯುವ ಆ ಅಭ್ಯಾಸ ಜೂಡೊಗೂ ಕುಸ್ತಿಗೂ ಬೇಕಾದದ್ದು.

ಇದಕ್ಕೆ ಎದುರಾಗಿ ನಾನು ಇಡುವುದು 1951ರ ಅಕ್ಟೋಬರ್ 23ರ ಪಂದ್ಯವನ್ನು. ರಿಯೊದ ಮಾರಕನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೊ ದಿಗ್ಗಜ ಕಿಮುರಾ ಮಸಾಹಿಕೊ, ಬ್ರೆಜಿಲಿಯನ್ ಜಿಯು-ಜಿತ್ಸು ಕಟ್ಟಿದ ಮನೆತನದ ಎಲಿಯೊ ಗ್ರೇಸಿ ಎದುರು ನಿಂತರು. ಕಿಮುರಾ ಮತ್ತೆ ಮತ್ತೆ ಎತ್ತಿ ಒಗೆದು, ಎರಡನೆಯ ಸುತ್ತಿನಲ್ಲಿ ತೋಳನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದರು. ಮೂಳೆ ಮುರಿಯಿತು. ಎಲಿಯೊ ಸೋಲೊಪ್ಪಲಿಲ್ಲ, ಕೊನೆಗೆ ಅಣ್ಣ ಕಾರ್ಲೊಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಗ್ರೇಸಿ ಮನೆತನಕ್ಕೆ ಅದು ಅವಮಾನದ ದಿನವಾಗಬಹುದಿತ್ತು. ಅವರೋ ಆ ಪಟ್ಟಿಗೆ ತಮ್ಮನ್ನು ಸೋಲಿಸಿದವನ ಹೆಸರನ್ನೇ ಇಟ್ಟರು. ಇಂದು ಬೆಂಗಳೂರಿನ ಯಾವುದೇ ಜಿಯು-ಜಿತ್ಸು ಕ್ಲಾಸಿಗೆ ಹೋಗಿ ನೋಡಿ, ‘ಕಿಮುರಾ ಹಾಕು’ ಎಂಬ ಮಾತು ಕಿವಿಗೆ ಬೀಳುತ್ತದೆ. ಅಷ್ಟೇ ಅಲ್ಲ, ಗೆದ್ದ ಕಿಮುರಾ ಸ್ವತಃ ಕರಾಟೆ ಕಲಿತವರು. ಮೊದಲು ಫುನಾಕೋಶಿ ಬಳಿ, ಆಮೇಲೆ ಗೋಜು-ರ್ಯುದಲ್ಲಿ.

ಗ್ರೇಸಿಗಳ ವಿದ್ಯೆಯ ಮೂಲ ಅಮೆಜಾನ್ ತೀರದ ಬೆಲೇಂ ನಗರದಲ್ಲಿ ನೆಲೆಸಿದ ಕೋಡೊಕಾನ್‌ನ ಮಾಯೆದಾ ಮಿತ್ಸುಯೊ. ಅದೇ ಬೆಲೇಂನಲ್ಲಿ ಬೆಳೆದ ಲ್ಯೋಟೊ ಮಚಿದಾ ನಿಮಗೆ ಗೊತ್ತಿರಬೇಕು. ತಂದೆ ಯೊಶಿಜೊ ಮಚಿದಾ ಶೋಟೊಕಾನ್ ಗುರು. ಮಗ ಕರಾಟೆಯ ಜೊತೆಗೆ ಸುಮೊ, ಜಿಯು-ಜಿತ್ಸು ಎರಡನ್ನೂ ಕಲಿತು 2009ರಲ್ಲಿ ಎಂಎಂಎ ಪಂದ್ಯಗಳನ್ನು ನಡೆಸುವ ಯುಎಫ್‌ಸಿಯ ಲೈಟ್ ಹೆವಿವೇಟ್ ಚಾಂಪಿಯನ್ ಆದ. ಅವನ ನಿಲುವು, ಅಂತರ ಕಾಯುವ ರೀತಿ, ಒಮ್ಮೆಲೇ ಒಳನುಗ್ಗಿ ಹೊಡೆಯುವುದು ಎಲ್ಲ ಅಪ್ಪಟ ಶೋಟೊಕಾನ್. ಬೇರೆ ವಿದ್ಯೆ ಕಲಿತರೆ ಕರಾಟೆ ಕೆಡುತ್ತದೆ ಎನ್ನುವವರಿಗೆ ಅವನ ಪಂದ್ಯಗಳನ್ನು ತೋರಿಸಿ.

ಜೂಡೊದಲ್ಲಿ ನಿಮಗೆ ಮೊದಲ ದಿನಗಳಲ್ಲಿ ಏನಾಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಕಾಲರ್, ತೋಳು ಹಿಡಿದ ಕೂಡಲೇ ನೀವು ನಂಬಿಕೊಂಡಿದ್ದ ಅಂತರವೇ ಇಲ್ಲವಾಗುತ್ತದೆ. ಕರಾಟೆಯ ಝೆಂಕುತ್ಸು-ದಾಚಿ ನಿಲುವಿನ ಉದ್ದನೆಯ ಮುಂಗಾಲು ಎದುರಾಳಿಗೆ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ನೇರ ಹಿಂದಕ್ಕೆ ಸರಿಯುವ ಅಭ್ಯಾಸದಿಂದ ಹಿಂದಿನಿಂದ ಕಾಲು ಕಿತ್ತು ಬೀಳಿಸುವ ಓಸೊತೊ-ಗಾರಿ ಪಟ್ಟಿಗೆ ಸಿಕ್ಕಿ ಬೀಳುತ್ತೀರಿ. ಹಿಡಿದ ಕೈಯನ್ನು ಕಬ್ಬಿಣದಂತೆ ಬಿಗಿಹಿಡಿದು ಹತ್ತೇ ನಿಮಿಷದಲ್ಲಿ ಸುಸ್ತಾಗುತ್ತೀರಿ. ನಿಮ್ಮ ನೆರವಿಗೆ ಬರುವುದು ಸೊಂಟ ತಿರುಗಿಸುವ ಹದ ಮತ್ತು ಎದುರಾಳಿಯ ಕಾಲನ್ನು ಕಾಲಿನಿಂದ ಗುಡಿಸುವ ಸಮಯಜ್ಞಾನ. ಹಾಗೆ ಕಾಲು ಗುಡಿಸುವ ಕರಾಟೆಯ ಅಶಿ-ಬರಾಯಿ ಚೆನ್ನಾಗಿ ಬರುವವರು ಜೂಡೊದ ದೆ-ಅಶಿ-ಬರಾಯಿಯನ್ನು ಬೇಗ ಹಿಡಿಯುತ್ತಾರೆ. ಎಲ್ಲಕ್ಕಿಂತ ಮೊದಲು ಉಕೆಮಿ, ಅಂದರೆ ಬೀಳುವ ಕ್ರಮ ಕಲಿಯಿರಿ. ಗದ್ದ ಎದೆಗೆ ಒತ್ತಿರಬೇಕು, ತೋಳು ಪೂರ್ತಿ ಮ್ಯಾಟಿಗೆ ಬಡಿಯಬೇಕು, ಬೀಳುವಾಗ ಅಂಗೈ ಊರಬಾರದು. ಹೊಸಬರ ಮಣಿಕಟ್ಟು, ಮೊಣಕೈ ಹೋಗುವುದು ಹಾಗೆ ಊರಿಯೇ. ನಾಚಿಕೆಗೆ ಸಿಕ್ಕಿ ಉಕೆಮಿ ಅವಸರದಲ್ಲಿ ಮುಗಿಸುವವರು ಸಾಮಾನ್ಯವಾಗಿ ಬೇರೆ ವಿದ್ಯೆಯ ಬ್ಲ್ಯಾಕ್ ಬೆಲ್ಟಿನವರೇ.

ನಡವಳಿಕೆ ಬಗ್ಗೆ ಕೇಳಿದಿರಿ. ಬಿಳಿ ಬೆಲ್ಟ್ ಕಟ್ಟಿಕೊಳ್ಳಿ. ಅಲ್ಲಿಯ ಗುರುಗಳೇ ‘ನಿಮ್ಮ ಬೆಲ್ಟ್ ಕಟ್ಟಿ’ ಎಂದರೆ ಆಗ ನೋಡೋಣ. ಕರಾಟೆಯ ತೆಳು ಡ್ರೆಸ್ ಜೂಡೊದ ಎಳೆದಾಟಕ್ಕೆ ಹರಿಯುತ್ತದೆ, ದಪ್ಪನೆಯದು ಕೊಳ್ಳಿ. ಉಗುರು ಕತ್ತರಿಸಿ, ಉಂಗುರ-ಸರ ಬಿಚ್ಚಿಡಿ. ನಿಮಗಿಂತ ಹತ್ತು ವರ್ಷ ಚಿಕ್ಕ ಹುಡುಗಿಯೊಬ್ಬಳು ನಿಮ್ಮನ್ನು ಎತ್ತಿ ಒಗೆಯುತ್ತಾಳೆ, ಎದ್ದು ಬಗ್ಗಿ ನಮಸ್ಕರಿಸಿ ‘ಇನ್ನೊಮ್ಮೆ ತೋರಿಸಮ್ಮ’ ಎನ್ನಿ. ತೋಳು ಬಿಗಿಯಾದ ಕೂಡಲೇ ಟ್ಯಾಪ್ ಮಾಡಿ (ಕೈ ತಟ್ಟಿ ಸೋಲೊಪ್ಪಿ), ಎಲಿಯೊನ ಹಟ ನಿಮಗೆ ಬೇಡ. ‘ನಾನಾಗಿದ್ದರೆ ಇಲ್ಲಿ ಒಂದು ಗುದ್ದು ಕೊಡುತ್ತಿದ್ದೆ’ ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಅದು ಅವರಿಗೂ ಗೊತ್ತು. ಅವರು ತಮ್ಮ ನಿಯಮದೊಳಗೆ ಆಡುತ್ತಿದ್ದಾರೆ, ನೀವು ಅವರ ಮನೆಗೆ ಬಂದವರು. ಜೂಡೊದವರಿಗೆ ಬೇರೆ ದೋಜೋಗಳಿಗೆ, ಅಂದರೆ ತಾಲೀಮು ಮನೆಗಳಿಗೆ ಹೋಗಿ ಅಭ್ಯಾಸ ಮಾಡುವುದು ರೂಢಿ, ಅದನ್ನು ದೆ-ಗೇಕೊ ಎನ್ನುತ್ತಾರೆ, ಹಾಗಾಗಿ ಹೊರಗಿನವರನ್ನು ಕಂಡು ಹುಬ್ಬೇರಿಸುವುದಿಲ್ಲ. ಕರಾಟೆ ತೋರಿಸಿ ಎಂದು ಅವರಾಗಿ ಕೇಳಿದ ದಿನ ಧಾರಾಳವಾಗಿ ತೋರಿಸಿ. ನಿಮ್ಮ ಮವಾಶಿ-ಗೇರಿ ಒದೆತ ತಡೆಯಲು ಹೋಗಿ ತೋಳು ತರಚಿಕೊಂಡು ನಗುವ ಗೆಳೆಯರು ಅಲ್ಲೇ ಸಿಗುತ್ತಾರೆ. ತನ್ನ ಕುತ್ತಿಗೆಯನ್ನು ನಿಮ್ಮ ಕೈಗೆ ಕೊಟ್ಟು, ಟ್ಯಾಪ್ ಮಾಡಿದರೆ ಬಿಡುತ್ತಾನೆ ಎಂದು ನಂಬಿದವನ ಜೊತೆ ಯಾವ ಸ್ಟೈಲ್ ದೊಡ್ಡದು ಎಂದು ಜಗಳವಾಡುವುದು ಕಷ್ಟ.

ಕೊನೆಗೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದಾವಣಗೆರೆಯಲ್ಲಿದ್ದುಕೊಂಡು ಹಿಡಿದಾಟ ಕಲಿಯಲು ಜೂಡೊ ಒಂದನ್ನೇ ಯಾಕೆ ನೋಡುತ್ತೀರಿ? ನಿಮ್ಮೂರಿನಲ್ಲಿ ಗರಡಿ ಮನೆಗಳಿಗೆ ಬರವಿಲ್ಲ. ಅಂತರರಾಷ್ಟ್ರೀಯ ಜೂಡೊ ಪಂದ್ಯಗಳಲ್ಲಿ ಕೈಯಿಂದ ಕಾಲು ಹಿಡಿಯುವುದಕ್ಕೆ 2010ರಿಂದ ಕಡಿವಾಣ ಬಿದ್ದ ಮೇಲೆ ಕಾಲಿಗೆ ನುಗ್ಗುವವರನ್ನು ಎದುರಿಸುವ ಅಭ್ಯಾಸ ಎಷ್ಟೋ ಜೂಡೊ ಕ್ಲಾಸುಗಳಲ್ಲಿ ಕಡಿಮೆಯಾಗಿದೆ. ಕುಸ್ತಿಯವರಿಗೆ ಅದು ದಿನನಿತ್ಯದ ಊಟ. ಬೆನ್ನ ಮೇಲೆ ಹೊತ್ತು ಒಗೆಯುವ ಜೂಡೊದ ಸೆಓಯ್-ನಾಗೆಯನ್ನು ಒಮ್ಮೆ ಕಲಿತು ಬಂದು ಪೈಲ್ವಾನರ ಧೋಬಿ ಪಟ್ಟು ನೋಡಿ, ನೆಂಟಸ್ತಿಕೆ ತಾನೇ ಕಾಣುತ್ತದೆ. ಮಣ್ಣಿನಲ್ಲಿ ಕಲಿತದ್ದು ಮ್ಯಾಟಿಗೆ ಬರುವುದಿಲ್ಲ ಎನ್ನುವವರೂ ಇದ್ದಾರೆ. ಕರಾಡ್ ಹತ್ತಿರದ ಹಳ್ಳಿಯ ಖಾಶಾಬಾ ಜಾಧವ್ ಮಣ್ಣಿನ ಅಖಾಡದಿಂದ ಹೋಗಿ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟಿನ ಮೇಲೆ ಆಡಿ ಆರನೆಯವರಾದರು. ಆ ಹೊಸ ನೆಲವನ್ನು ಅಭ್ಯಾಸ ಮಾಡಿಕೊಂಡು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು.

ಒಂದಾರು ತಿಂಗಳು ಜೂಡೊದಲ್ಲಿ ಬೀಳುವುದು ಚೆನ್ನಾಗಿ ಬಂದ ಮೇಲೆ ಗರಡಿಗೆ ಹೋಗಿ ವಸ್ತಾದರನ್ನು ಕಂಡು ಬನ್ನಿ. ಚಪ್ಪಲಿ ಹೊರಗೆ ಬಿಟ್ಟು, ಹನುಮಂತನಿಗೆ ಕೈಮುಗಿದು ಒಳಗೆ ಹೋಗಿ. ಮೊದಲ ವಾರ ಹಿಡಿಯಲು ಬಿಡುವುದಿಲ್ಲ, ಮಣ್ಣು ಅಗೆಸುತ್ತಾರೆ, ಸಾಮು ತೆಗೆಸುತ್ತಾರೆ. ಬೇಸರಪಡಬೇಡಿ. ಆ ಬಿಳಿ ಡ್ರೆಸ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ, ಕೆಮ್ಮಣ್ಣಿನ ಕಲೆ ಎಷ್ಟು ಒಗೆದರೂ ಬಿಡುವುದಿಲ್ಲ.